ಇಲ್ಲಿ ನಿಲ್ಲಿಸು

ನಮ್ಮ ತಾತ ಹೇಳುತ್ತಿದ್ದ ಲಿಯರ್ ಮಹಾರಾಜನ ಊರು ಮಾಗಡಿ ಕಡೆ ಎಲ್ಲೋ ಇತ್ತು. ಸಾವನದುರ್ಗದ ಬಂಡೆ ಕಾಣುವಷ್ಟು ದೂರದಲ್ಲಿ, ಒಂದು ಕೆರೆ ಏರಿಯ ಪಕ್ಕದಲ್ಲಿ. ದೊರೆಗೆ ವಯಸ್ಸಾಗಿದೆ, ಗಂಡುಸಂತಾನವಿಲ್ಲ, ಮೂವರು ಹೆಣ್ಣುಮಕ್ಕಳು. ಆನೆ, ಕುದುರೆ, ಗದ್ದೆ, ತೋಟ ಯಾವುದಕ್ಕೂ ಕೊರತೆಯಿಲ್ಲ. ಒಂದು ದಿನ ಮೂವರನ್ನೂ ಎದುರಿಗೆ ಕೂರಿಸಿಕೊಂಡು, ನನ್ನನ್ನು ಕಂಡರೆ ನಿಮಗೆಷ್ಟು ಪ್ರೀತಿ ಹೇಳಿ ಎಂದು ಕೇಳಿದ. ಅಲ್ಲಿಂದ ಶುರು. ಹಿರಿಯರಿಬ್ಬರೂ ಆಸ್ತಿ ಕೈಗೆ ಬಂದ ಮೇಲೆ ಅವನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದ ರಾತ್ರಿ ಎಂಥಾ ಮಳೆ ಬಂತೆಂದರೆ, ತಾತ ಅದನ್ನು ಹೇಳುವಾಗ ನಾವು ಏಳೆಂಟು ಮಕ್ಕಳು ಜಗಲಿಯ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಪಡುವಣದ ಕಡೆಗೇ ನೋಡುತ್ತಿದ್ದೆವು. ಆ ಕಡೆ ಮೋಡ ಕಟ್ಟಿದರೆ ಸಾಕು, ಅಗೋ ಮುದುಕ ದೊರೆ ನೆನೆಯುತ್ತಿದ್ದಾನೆ ಎಂದು ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

1970ರ ಆಸುಪಾಸಿನ ಮಾತಿದು. ಗಾಂಧಿ ಬಜಾರಿನಿಂದ ಗವಿಪುರದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಹೆಂಚಿನ ಮನೆ. ಮುಂದೆ ಕೆಂಪು ಗಾರೆಯ ಜಗಲಿ, ಅದಕ್ಕೆ ಎರಡು ಮರದ ಕಂಬ, ಕಂಬದ ಪಕ್ಕದಲ್ಲಿ ತಾತನ ಬೆತ್ತದ ಕುರ್ಚಿ. ತಾತ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ನಿವೃತ್ತರಾದ ಮೇಲೆ ಪಾಠ ನಿಂತಿತು, ಕತೆ ನಿಲ್ಲಲಿಲ್ಲ. ರಾತ್ರಿ ಊಟವಾಗಿ ಅಜ್ಜಿ ಅಡಿಗೆಮನೆ ಸಾರಿಸಿ ಬರುವ ಹೊತ್ತಿಗೆ ಕರೆಂಟು ಹೋಯಿತೆಂದರೆ ಅದು ನಮ್ಮ ಪುಣ್ಯ. ಬೂದಿ ಹಾಕಿ ಉಜ್ಜಿದ ಚಿಮಣಿಯ ಲಾಟೀನು ಹೊಸ್ತಿಲ ಮೇಲೆ ಬಂದು ಕೂರುತ್ತಿತ್ತು. ತಾತ ನಶ್ಯದ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ಆ ಸದ್ದಿಗೆ ಎದುರುಮನೆಯವರೂ ಹಿಂದಿನ ವಠಾರದವರೂ ತಂತಮ್ಮ ಮಣೆ, ಚಾಪೆ ಹಿಡಿದು ಬರುತ್ತಿದ್ದರು.

ಕತೆ ಹೇಳುವುದನ್ನು ತಾತ ಕಾಲೇಜಿನಲ್ಲಿ ಕಲಿತದ್ದಲ್ಲ, ಹರಿಕಥೆ ದಾಸರನ್ನು ನೋಡಿ ಕಲಿತದ್ದು. ದುಃಖದ ಜಾಗ ಬಂದಾಗ ದನಿ ಏರಿಸುತ್ತಿರಲಿಲ್ಲ. ಇನ್ನಷ್ಟು ಇಳಿಸಿ, ನಾವು ಮುಂದಕ್ಕೆ ಬಾಗುವ ಹಾಗೆ ಮಾಡುತ್ತಿದ್ದರು. ಆ ಮಳೆಯ ರಾತ್ರಿಯಲ್ಲೂ ಲಿಯರನ ಜೊತೆಯಲ್ಲಿರುವ ವಿದೂಷಕನಿಗೆ ಅವರು ಕೊಟ್ಟ ಗಂಟಲು ನಮ್ಮ ಬೀದಿಯಲ್ಲಿ ಬೆಳಗ್ಗೆ ಸೊಪ್ಪು ಮಾರಲು ಬರುತ್ತಿದ್ದವನದು. ಆಮೇಲೆ ನಾನು ಓದಿದ, ನೋಡಿದ ಯಾವ ಲಿಯರಿನಲ್ಲೂ ಆ ವಿದೂಷಕ ಬೇರೆ ಗಂಟಲಲ್ಲಿ ಮಾತಾಡಿಲ್ಲ.

ಕೇಳುವವರು ಸುಮ್ಮನೆ ಕೇಳುತ್ತಲೂ ಇರಲಿಲ್ಲ. ಕಿರಿಯ ಮಗಳು ಅಪ್ಪನ ಎದುರಿಗೆ ನಿಂತು, ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಅಂದಳು ಎಂದು ತಾತ ಹೇಳಿದ್ದೇ ತಡ, ಬಾಗಿಲ ಸಂದಿಯಿಂದ ಅಜ್ಜಿ, “ಅಲ್ಲಾ ಅಂದ್ರೆ, ಹೆತ್ತ ಅಪ್ಪ ಆಸೆ ಪಟ್ಟು ಕೇಳ್ದಾಗ ಒಂದು ಮಾತು ಆಡಿದ್ರೆ ಅವಳ ಬಾಯಿಂದ ಮುತ್ತು ಉದುರ್ತಿತ್ತಾ?” ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ಪ್ರಶ್ನೆ. ತಾತ, “ಮಾತು ಆಡೋರೆಲ್ಲ ಪ್ರೀತಿ ಮಾಡ್ತಾರೇನೇ?” ಅನ್ನುವರು. “ಪ್ರೀತಿ ಇರೋರು ಮಾತೂ ಆಡ್ಬೋದಲ್ಲ” ಎಂದು ಅಜ್ಜಿ. ಎದುರುಮನೆಯ ನಿವೃತ್ತ ಶಿರಸ್ತೇದಾರರಿಗೆ ಸಿಟ್ಟು ಮುದುಕನ ಮೇಲೆ. ಕಣ್ಣಿರುವಾಗಲೇ ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆಯುವವನಿಗೆ ಬುದ್ಧಿ ಎಲ್ಲಿತ್ತು, ಜೀವನಾಂಶಕ್ಕಾದರೂ ಒಂದಿಷ್ಟು ಉಳಿಸಿಕೊಳ್ಳಬಾರದಿತ್ತೇ ಎಂದು ಅವರ ವಾದ. ವಠಾರದ ಕೊನೆ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು, ಕೆಂಪು ಸೀರೆಯವರು. ಮೂವರು ಗಂಡುಮಕ್ಕಳು. ತಿಂಗಳಿಗೆ ಒಬ್ಬರ ಮನೆಯಂತೆ ಟ್ರಂಕು ಹೊತ್ತುಕೊಂಡು ಹೋಗಿ ಬರುತ್ತಿದ್ದವರು ಒಂದು ಸಲ ಇಲ್ಲಿಗೇ ಬಂದು ಒಬ್ಬರೇ ಉಳಿದುಬಿಟ್ಟಿದ್ದರು. ಅವರು ವಾದಕ್ಕೆ ಸೇರುತ್ತಿರಲಿಲ್ಲ. ದೊರೆಯ ಪರಿವಾರದವರನ್ನು ಮಕ್ಕಳು ನೂರರಿಂದ ಐವತ್ತಕ್ಕೆ ಇಳಿಸಿ, ಐವತ್ತರಿಂದ ಇಪ್ಪತ್ತೈದಕ್ಕೆ ಇಳಿಸುವಾಗ ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ಎದ್ದು ಹೋಗುತ್ತಿದ್ದರು. ಮುಂದಿನ ಸಲ ಲಿಯರನ ಕತೆ ಎಂದರೆ ಮತ್ತೆ ಬಂದು ಕೂರುತ್ತಿದ್ದರು. ಯಾಕೆ ಎದ್ದು ಹೋಗುತ್ತಾರೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಯಾಕೆ ಮತ್ತೆ ಬರುತ್ತಾರೆ ಎಂಬುದು ಈಗ ಸ್ವಲ್ಪ ತಿಳಿಯುತ್ತದೆ.

ಶೇಕ್ಸ್‌ಪಿಯರ್ ಎಂಬುವನು ಒಬ್ಬ ಇದ್ದ, ಅವನು 1564ರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಪೇಟೆಯಲ್ಲಿ ಹುಟ್ಟಿದ, ಮೂವತ್ತೇಳು ನಾಟಕ ಬರೆದ ಎಂಬುದೆಲ್ಲ ನನಗೆ ಶಾಲೆಯಲ್ಲಿ ಆಮೇಲೆ ಗೊತ್ತಾದದ್ದು. ಅದಕ್ಕೆ ಮೊದಲೇ ಅವನ ಜನರೆಲ್ಲ ನಮ್ಮ ಜಗಲಿಗೆ ಬಂದು ಹೋಗಿದ್ದರು. ಬಂದವರು ನಮ್ಮ ಹೆಸರು ಇಟ್ಟುಕೊಂಡು ಬಂದಿದ್ದರು. ತಾತ ಹುಡುಗನಾಗಿದ್ದಾಗ ಕಂಪನಿ ನಾಟಕಗಳ ಕಾಲ. ರೋಮಿಯೋ ಜೂಲಿಯೆಟ್ ಅವರಿಗೆ ರಾಮವರ್ಮ ಲೀಲಾವತಿ. ಮ್ಯಾಕ್‌ಬೆತ್ ಎಂದರೆ ಪ್ರತಾಪರುದ್ರದೇವ, ಎಂ.ಎಲ್. ಶ್ರೀಕಂಠೇಶಗೌಡರು 1895ರಲ್ಲೇ ಅವನಿಗೆ ಆ ಹೆಸರಿಟ್ಟು ಕನ್ನಡಕ್ಕೆ ಕರೆತಂದಿದ್ದರು. ಒಥೆಲ್ಲೊ ಶೂರಸೇನ. ಶೂರಸೇನ ಚರಿತ್ರೆ ಬರೆದ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅಭಿನವ ಕಾಳಿದಾಸ ಎನ್ನಿಸಿಕೊಂಡ ಪಂಡಿತರು, ಆದರೆ ಇಂಗ್ಲಿಷ್ ಬಲ್ಲವರಲ್ಲ. ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಬೇಕು, ಇವರು ಕೇಳಿ ಕನ್ನಡದ ಪದ್ಯ ಕಟ್ಟಬೇಕು. ಈ ಸಂಗತಿಯನ್ನು ತಾತ ಬಹಳ ಪ್ರೀತಿಯಿಂದ ಹೇಳುತ್ತಿದ್ದರು. ನಮ್ಮಲ್ಲಿಗೆ ಆ ನಾಟಕಕಾರ ಬಂದದ್ದು ಹೀಗೆ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ. ಪುಸ್ತಕ ಆಮೇಲೆ.

ರಾಮವರ್ಮ ಲೀಲಾವತಿಯ ಕೊನೆಯಲ್ಲಿ ಸತ್ತು ಬಿದ್ದ ಇಬ್ಬರೂ ದೇವರ ಕೃಪೆಯಿಂದ ಎದ್ದು ಕೂರುತ್ತಿದ್ದರು ಎಂದು ತಾತ ಹೇಳಿದ ನೆನಪು. ಮೂಲದಲ್ಲಿ ಹಾಗಿಲ್ಲ ಎಂದು ಅವರಿಗೆ ಗೊತ್ತಿಲ್ಲದ್ದಲ್ಲ, ಮೂವತ್ತು ವರ್ಷ ಪಾಠ ಹೇಳಿದವರು. ರಾತ್ರಿ ಎರಡು ಗಂಟೆಯ ತನಕ ಕೂತು ಅತ್ತ ಜನ ಮನೆಗೆ ಹೋಗುವಾಗ ಮಂಗಳದ ಹಾಡು ಕೇಳಿಕೊಂಡು ಹೋಗಬೇಕಲ್ಲಮ್ಮಾ ಎನ್ನುತ್ತಿದ್ದರು.

ಇನ್ನು ಕುವೆಂಪು ಅವರ ರಕ್ತಾಕ್ಷಿ. ಹ್ಯಾಮ್ಲೆಟ್ ನಾಟಕವನ್ನು ಬಿದನೂರಿನ ಅರಮನೆಗೆ ತಂದು ಇಳಿಸಿದ ಪುಸ್ತಕ. ಅದರ ರುದ್ರಾಂಬೆಯನ್ನು ಮೊದಲು ಕೇಳಿ, ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ ಒಫೀಲಿಯಾಳನ್ನು ಓದಿದಾಗ, ಇವಳು ನಮ್ಮ ರುದ್ರಾಂಬೆಯ ಹಾಗೇ ಇದ್ದಾಳಲ್ಲ ಎಂದು ನನಗನ್ನಿಸಿತು. ಹಿಂದುಮುಂದಾಗಿ ಅನ್ನಿಸಿತು, ನಿಜ. ಆದರೆ ನನ್ನ ಮನಸ್ಸಿನಲ್ಲಿ ಇವತ್ತಿಗೂ ಮೂಲ ಅದೇ. ಟೆಂಪೆಸ್ಟ್ ನಾಟಕವೂ ಕುವೆಂಪು ಕೈಯಲ್ಲಿ ಬಿರುಗಾಳಿಯಾಗಿ ಬಂತು, 1930ರಲ್ಲಿ. ಬರೆದವರಿಗೆ ಆಗ ಇಪ್ಪತ್ತೈದು ವರ್ಷ.

ನಮ್ಮ ಬಡಾವಣೆಯ ಭಾಗ್ಯ ಇನ್ನೊಂದು ರೀತಿಯದು. ಪ್ಲೇಗಿನ ಕಾಲದಲ್ಲಿ, 1898ರಲ್ಲಿ, ಗಾಳಿ ಬೆಳಕು ಬೇಕೆಂದು ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಅಳೆದು ಕಟ್ಟಿದರಲ್ಲ, ಆ ಅಗಲ ರಸ್ತೆಗಳಲ್ಲಿ ಬಂದು ನೆಲೆಸಿದವರು ಎಂಥೆಂಥವರು! ಲಿಯರ್ ನಾಟಕವನ್ನು ಕನ್ನಡಕ್ಕೆ ತಂದ ಮಾಸ್ತಿಯವರ ಮನೆ ಗವಿಪುರದಲ್ಲಿ. ಮ್ಯಾಕ್‌ಬೆತ್ ನಾಟಕವನ್ನು ಕನ್ನಡಿಸಿದ ಡಿ.ವಿ.ಜಿ. ನಾಗಸಂದ್ರ ರಸ್ತೆಯ ಕಡೆ. ಆ ರಸ್ತೆಗೆ ಈಗ ಅವರದೇ ಹೆಸರು. ಎರಡು ಮನೆಗೂ ನಡೆದು ಹೋಗಿ ಬರುವಷ್ಟು ದೂರದಲ್ಲಿ ನಾವು. ಸಂಜೆಯ ಹೊತ್ತು ಮಾಸ್ತಿಯವರು ಪಂಚೆ ಕೋಟು ತೊಟ್ಟು, ಕೊಡೆ ಹಿಡಿದು ಕ್ಲಬ್ಬಿನ ಕಡೆ ನಡೆದು ಹೋಗುತ್ತಿದ್ದರೆ ತಾತ ಕುರ್ಚಿಯಿಂದ ಎದ್ದು ನಿಂತು ಕೈ ಮುಗಿಯುತ್ತಿದ್ದರು. ಅವರೂ ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡು ಕೈ ಎತ್ತಿ ಮುಂದೆ ಹೋಗುತ್ತಿದ್ದರು. ಮಳೆಯಿಲ್ಲದ ದಿನವೂ ಆ ಕೊಡೆ. ಲಿಯರ್ ಮಹಾರಾಜನ ಕತೆ ಇವರಿಗೂ ಗೊತ್ತು, ಇವರೂ ಬರೆದಿದ್ದಾರೆ ಎಂದು ತಾತ ಹೇಳಿದ ದಿನದಿಂದ ನನಗೆ ಒಂದು ನಂಬಿಕೆ ಹುಟ್ಟಿತು. ಅಂಥಾ ಮಳೆಯ ಕತೆ ಬಲ್ಲವರು ಕೊಡೆಯಿಲ್ಲದೆ ಹೊರಗೆ ಹೇಗೆ ಬರುತ್ತಾರೆ ಎಂದು.

ಆ ಕಾಲದ ಬಸವನಗುಡಿಯಲ್ಲಿ ಓದು ಬೀದಿಗೆ ಅಂಟಿಕೊಂಡಿತ್ತು. ವಿದ್ಯಾರ್ಥಿ ಭವನದ ದೋಸೆಯ ವಾಸನೆ, ಹುರಿದ ಕಾಫಿಬೀಜದ ವಾಸನೆ, ಮಲ್ಲಿಗೆ ಮೊಳ ಹಾಕುವವರ ಕೂಗು, ಇವುಗಳ ನಡುವೆಯೇ ಯಾರೋ ಇಬ್ಬರು ಮೇಷ್ಟರು ಸೈಕಲ್ಲು ನಿಲ್ಲಿಸಿಕೊಂಡು ಯಾವುದೋ ಪದ್ಯದ ಅರ್ಥಕ್ಕೆ ಜಗಳವಾಡುತ್ತಿದ್ದರು. ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಮಕ್ಕಳಿಗೆಂದೇ ಗ್ರಂಥಾಲಯವಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಕೂತರೆ ಯಾರೂ ಎಬ್ಬಿಸುತ್ತಿರಲಿಲ್ಲ. ಚಿತ್ರಗಳಿದ್ದ ಶೇಕ್ಸ್‌ಪಿಯರ್ ಕತೆಗಳ ಪುಸ್ತಕವನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಅಲ್ಲಿಯೇ. ಲಿಯರನ ಚಿತ್ರ ನೋಡಿ ಬೇಸರವಾಯಿತು. ಬಿಳಿಯ ಗಡ್ಡದ ದೊರೆ ಉಣ್ಣೆಯ ನಿಲುವಂಗಿ ಹಾಕಿಕೊಂಡು ಯಾವುದೋ ಹುಲ್ಲುಗಾವಲಿನಲ್ಲಿ ನಿಂತಿದ್ದ. ಮಾಗಡಿ ಎಲ್ಲಿ? ಸಾವನದುರ್ಗ ಎಲ್ಲಿ? ಮನೆಗೆ ಬಂದು ತಾತನನ್ನು ಕೇಳಿದರೆ, “ಅವನೂ ಲಿಯರನೇ ಕಣಮ್ಮ, ಅದು ಅವರ ಕಡೆಯೋನು” ಅಂದರು.

ಚಾಮರಾಜಪೇಟೆಗೆ ಹೋಗುವುದೆಂದರೆ ಸಾಹಿತ್ಯ ಪರಿಷತ್ತಿಗೆ ಹೋಗುವುದು ಎಂದೇ ನಮ್ಮ ಮನೆಯಲ್ಲಿ ಅರ್ಥ. ಎರಡು ತಿಂಗಳಿಗೊಮ್ಮೆ ತಾತ ಖಾಕಿ ಬಟ್ಟೆಯ ಚೀಲ ಹಿಡಿದು ಹೊರಡುವರು, ನಾನು ಜೊತೆಗೆ. ರಾಮನವಮಿಯ ದಿನಗಳಾದರೆ ಸಂಜೆ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ಸಂಗೀತ ಕೇಳಿಕೊಂಡು, ಪಾನಕ ಕುಡಿದು ಬರುವುದು. ಎ.ಎನ್. ಮೂರ್ತಿರಾಯರು ಶೇಕ್ಸ್‌ಪಿಯರನ ಪೂರ್ವಭಾಗದ ನಾಟಕಗಳ ಮೇಲೆ ಬರೆದ ಪುಸ್ತಕವನ್ನು ತಾತ ಎಷ್ಟು ಸಲ ಓದಿದ್ದರೋ, ಅದರ ಬೆನ್ನಿನ ದಾರ ಬಿಟ್ಟುಹೋಗಿ ಪುಟಗಳನ್ನು ಟ್ವೈನಿನಲ್ಲಿ ಕಟ್ಟಿಟ್ಟಿದ್ದರು. ಆ ಪುಸ್ತಕವನ್ನು ನಾನು ಓದಿದ್ದು ಬಹಳ ತಡವಾಗಿ. ಒಬ್ಬ ಹಿರಿಯರು ಪಕ್ಕದಲ್ಲಿ ಕೂತು, ಆತುರವಿಲ್ಲದೆ, ಇಲ್ಲಿ ನೋಡು, ಇದು ನೋಡು ಎಂದು ತೋರಿಸುತ್ತಾ ಹೋಗುವ ಬರವಣಿಗೆ. ನಾಟಕದ ಬಗ್ಗೆ ಬರೆದ ಪುಸ್ತಕವನ್ನು ನಾಟಕದಷ್ಟೇ ಆಸೆಯಿಂದ ಓದಬಹುದು ಎಂದು ನನಗೆ ತೋರಿದ್ದು ಆಗ. ರಾಮಚಂದ್ರ ದೇವರ ‘ಶೇಕ್ಸ್‌ಪಿಯರ್: ಎರಡು ಸಂಸ್ಕೃತಿಗಳಲ್ಲಿ’ ಕೈಗೆ ಬಂದಾಗ ತಾತ ಇರಲಿಲ್ಲ. ಇದ್ದಿದ್ದರೆ ಆ ಹೆಸರು ನೋಡಿಯೇ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು.

ಮಲ್ಲೇಶ್ವರದಲ್ಲಿ ನಮ್ಮ ಸೋದರತ್ತೆ. ಎಂಟನೇ ಕ್ರಾಸಿನಿಂದ ಒಳಕ್ಕೆ ಅವರ ಮನೆ, ಹಿತ್ತಿಲಲ್ಲಿ ಸಂಪಿಗೆ ಮರ. ಬೇಸಿಗೆ ರಜಕ್ಕೆ ಅಲ್ಲಿಗೆ ಹೋದರೆ ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೆ ಹತ್ತು ಪೈಸೆಗೆ ಪುಸ್ತಕ. ಅಲ್ಲಿನ ಯಜಮಾನರು ಗಾಜಿನ ಕನ್ನಡಕದ ಮೇಲಿನಿಂದ ನೋಡಿ, ಇದು ನಿನಗೆ ಬೇಡ, ಇದು ತಗೋ ಎನ್ನುತ್ತಿದ್ದರು. ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಅತ್ತೆಯ ಗಂಡನಿಗೆ ನಾಟಕದ ಹುಚ್ಚು. ಟೇಮಿಂಗ್ ಆಫ್ ದಿ ಶ್ರೂ ಆಧರಿಸಿ ಪರ್ವತವಾಣಿಯವರು ಬರೆದ ‘ಬಹದ್ದೂರ್ ಗಂಡ’ ಅವರಿಗೆ ಬಾಯಿಪಾಠ. ಗಂಡ, ಹೆಂಡತಿ, ಮಾವ ಎಲ್ಲರ ಮಾತನ್ನೂ ಒಬ್ಬರೇ ಆಡುತ್ತಿದ್ದರು. ಅತ್ತೆ ಕಾಫಿ ಲೋಟ ಹಿಡಿದು ನಿಂತು ನಕ್ಕು ನಕ್ಕು ಲೋಟ ತುಳುಕಿಸುತ್ತಿದ್ದರು. 1989ರಲ್ಲಿ ಅದೇ ನಾಟಕದ ಎಳೆ ಹಿಡಿದು ‘ನಂಜುಂಡಿ ಕಲ್ಯಾಣ’ ಬಂದು ಊರೆಲ್ಲ ಹುಚ್ಚೆದ್ದು ನೋಡಿತು. ಮಾವ ಚಿತ್ರಮಂದಿರದ ಕತ್ತಲಲ್ಲಿ ನನ್ನ ಕಡೆ ಬಾಗಿ, “ನೋಡಿದ್ಯಾ, ನಾನ್ನೂರು ವರ್ಷದ ಮುದುಕ ಇನ್ನೂ ಸೀಟಿ ಹೊಡೆಸ್ತಾನೆ” ಅಂದರು. ಎಂಟು ವರ್ಷದ ಮೇಲೆ ‘ಉಲ್ಟಾ ಪಲ್ಟಾ’ ಬಂದಾಗ, ಇದು ಕಾಮೆಡಿ ಆಫ್ ಎರರ್ಸ್ ಎಂದು ಪಿಸುಗುಟ್ಟಲು ಪಕ್ಕದ ಸೀಟಿನಲ್ಲಿ ಮಾವ ಇರಲಿಲ್ಲ.

ಈಗ ಆ ಜಗಲಿ ಇಲ್ಲ. 2004ರಲ್ಲಿ ಮನೆ ಬಿತ್ತು. ಯಾರನ್ನು ದೂರುವುದು? ಹಂಚಿಕೊಳ್ಳಬೇಕಾದವರು ಐದು ಜನ, ಸೋರುವ ಹೆಂಚು, ಗೆದ್ದಲು ಹಿಡಿದ ತೊಲೆ. ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದಿತು, ಎರಡನೇ ಮಹಡಿಯ ಒಂದು ಮನೆ ನನ್ನ ಪಾಲಿಗೆ ಬಂತು. ಜಗಲಿ ಇದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ನೀರು ಇಪ್ಪತ್ತನಾಲ್ಕು ಗಂಟೆ ಬರುತ್ತದೆ, ಲಿಫ್ಟ್ ಇದೆ, ಮಂಡಿ ನೋವಿನವಳಿಗೆ ಅದು ದೊಡ್ಡ ಉಪಕಾರ. ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿದರೆ ಮಲ್ಲೇಶ್ವರಕ್ಕೆ ಎಷ್ಟು ಬೇಗ! ಆದರೆ ಮಲ್ಲೇಶ್ವರದಲ್ಲಿ ಇಳಿದು ಯಾರ ಮನೆಗೆ ಹೋಗಲಿ? ಸಂಪಿಗೆ ಮರದ ಜಾಗದಲ್ಲಿ ಬಟ್ಟೆ ಅಂಗಡಿ. ಹತ್ತು ಪೈಸೆಯ ಲೈಬ್ರರಿಯಲ್ಲಿ ಮೊಬೈಲಿಗೆ ಕವರು ಹಾಕಿಕೊಡುತ್ತಾರೆ. ನಮ್ಮ ಮಹಡಿಯಲ್ಲಿ ನಾಲ್ಕು ಮನೆ, ನಾಲ್ಕು ಬಾಗಿಲು, ನಾಲ್ಕೂ ಮುಚ್ಚಿಯೇ ಇರುತ್ತವೆ. ಪಕ್ಕದ ಮನೆಯ ವಯಸ್ಸಾದವರಿಬ್ಬರ ಮಕ್ಕಳು ಅಮೆರಿಕದಲ್ಲಿದ್ದಾರೆ ಎಂಬುದಷ್ಟೇ ನನಗೆ ಗೊತ್ತು. ಅವರಲ್ಲಿ ಯಾರಿಗೆ ಯಾವ ಕತೆ ಕೇಳಿದರೆ ಎದ್ದು ಹೋಗುವಂತಾಗುತ್ತದೆ ಎಂಬುದು ನನಗೆ ಗೊತ್ತಿಲ್ಲ.

ಪುಸ್ತಕಗಳು ಹೋದವು ಎಂದು ನಾನು ಹೇಳಲಾರೆ. ಗಾಂಧಿ ಬಜಾರಿನಲ್ಲಿ ಅಂಕಿತ ಇದೆ, ಎನ್.ಆರ್. ಕಾಲೊನಿಯಲ್ಲಿ ಬಿ.ಎಂ.ಶ್ರೀ. ಪ್ರತಿಷ್ಠಾನ ಇದೆ, ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಂಸ್ಥೆಯಲ್ಲಿ ಇವತ್ತಿಗೂ ಉಪನ್ಯಾಸ ನಡೆಯುತ್ತದೆ. ಹೋದರೆ ತಲೆ ನರೆತವರೇ ಮುಂದಿನ ಮೂರು ಸಾಲಿನಲ್ಲಿ. ನಾನೂ ಅವರಲ್ಲಿ ಒಬ್ಬಳು. ಹೋದದ್ದು ಹೇಳುವವರು. ಅಥವಾ ಕೇಳುವವರು ಹೋದದ್ದರಿಂದ ಹೇಳುವವರು ಹೋದರೋ ಏನೋ. ಕತೆ ಹೇಳಲು ತಾತನಿಗೆ ಒಂದು ಗಂಟೆ ಬೇಕಿತ್ತು, ಕೇಳಲು ನಮಗೆ ಒಂದು ಗಂಟೆ ಇತ್ತು. ಶಿರಸ್ತೇದಾರರಿಗೂ ಇತ್ತು, ಕೆಂಪು ಸೀರೆಯವರಿಗೂ ಇತ್ತು. ಒಂದೇ ಕತೆಯನ್ನು ಹತ್ತನೇ ಸಲ ಕೇಳಲು ಬಂದು ಅದೇ ಜಾಗದಲ್ಲಿ ಅದೇ ಜಗಳ ಮಾಡುವಷ್ಟು ಪುರುಸೊತ್ತು ಇತ್ತು. ಇವತ್ತು ಗೂಗಲ್ ಮಾಡಿದರೆ ಮೂವತ್ತೇಳು ನಾಟಕವೂ ಅರ್ಧ ನಿಮಿಷದಲ್ಲಿ ಎದುರಿಗೆ ಬರುತ್ತವೆ, ಒಂದೊಂದರದ್ದೂ ಹತ್ತು ಸಾಲಿನ ಸಾರಾಂಶದ ಸಮೇತ. ಆ ಸಾರಾಂಶ ಓದಿ ಯಾರೂ ಯಾರ ಜೊತೆಗೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಅಟ್ಟದ ಪೆಟ್ಟಿಗೆಯನ್ನು ಇಳಿಸಿದಾಗ ತಾತನ ಪುಸ್ತಕ ಸಿಕ್ಕಿತು. ಚಾರ್ಲ್ಸ್ ಲ್ಯಾಂಬ್ ಮತ್ತು ಅವನ ಅಕ್ಕ ಮೇರಿ ಲ್ಯಾಂಬ್ 1807ರಲ್ಲಿ ಮಕ್ಕಳಿಗಾಗಿ ಬರೆದ ಶೇಕ್ಸ್‌ಪಿಯರ್ ಕತೆಗಳು. ಇಪ್ಪತ್ತು ನಾಟಕದ ಕತೆ; ನಗಿಸುವವು ಹೆಚ್ಚಾಗಿ ಅಕ್ಕನವು, ಅಳಿಸುವವು ತಮ್ಮನವು. ನಮ್ಮ ತಲೆಮಾರಿನವರು ಅದನ್ನು ಹೈಸ್ಕೂಲಿನಲ್ಲಿ ನಾನ್‌ಡೀಟೇಲ್ ಎಂದು ಓದಿ, ಐದು ಮಾರ್ಕಿನ ಪ್ರಶ್ನೆಗೆ ಗಟ್ಟು ಹೊಡೆದು ಮರೆತದ್ದು. ತಾತನ ಪ್ರತಿಗೆ ಕಪ್ಪು ಕ್ಯಾಲಿಕೊ ಬೈಂಡು, ಮೂಲೆಗಳಲ್ಲಿ ಸವೆದು ರಟ್ಟು ಕಾಣುತ್ತಿದೆ. ಮೂಗಿಗೆ ಹತ್ತಿರ ಹಿಡಿದರೆ ಇನ್ನೂ ನಶ್ಯದ ಘಾಟು. ಒಳಗೆ ಪುಟಪುಟದ ಅಂಚಿನಲ್ಲೂ ಪೆನ್ಸಿಲ್. ಇಯಾಗೋ ಹೆಸರಿನ ಪಕ್ಕದಲ್ಲಿ ‘ಶಕುನಿ’. ಕೆಂಟ್ ಎಂಬ ಸ್ವಾಮಿನಿಷ್ಠನ ಪಕ್ಕದಲ್ಲಿ ‘ವಿದುರ? ಅಲ್ಲ, ಹನುಮ’. ಮಿರಾಂಡಾಳ ಪಕ್ಕದಲ್ಲಿ ‘ಶಕುಂತಲೆ, ಆಶ್ರಮ’. ಎಲ್ಲಕ್ಕಿಂತ ಹೆಚ್ಚಾಗಿ, ಒಂದೊಂದು ಕತೆಯಲ್ಲೂ ಎರಡು ಮೂರು ಕಡೆ ಒಂದು ಅಡ್ಡಗೆರೆ, ಅದರ ಎದುರಿಗೆ ಎರಡು ಪದ: ‘ಇಲ್ಲಿ ನಿಲ್ಲಿಸು’.

ಮೊದಲು ತಿಳಿಯಲಿಲ್ಲ. ಆಮೇಲೆ ಒಂದೊಂದನ್ನೂ ಓದುತ್ತಾ ಹೋದಾಗ ನೆನಪಾಯಿತು. ಮ್ಯಾಕ್‌ಬೆತ್ ಕತ್ತಿ ಹಿಡಿದು ಅತಿಥಿಯ ಕೋಣೆಯ ಬಾಗಿಲಿಗೆ ಬಂದ ಕಡೆ ಒಂದು ಗೆರೆ. ಡೆಸ್ಡಿಮೋನಾಳ ಕರವಸ್ತ್ರ ಕಳೆದ ಕಡೆ ಒಂದು ಗೆರೆ. ಅಷ್ಟಕ್ಕೆ ತಾತ ಡಬ್ಬಿ ಮುಚ್ಚಿ, “ಇನ್ನು ಮಿಕ್ಕಿದ್ದು ನಾಳೆ, ಏಳಿ” ಎನ್ನುತ್ತಿದ್ದರು. ನಾವು ಗೋಳಾಡುತ್ತಿದ್ದೆವು. ಮರುದಿನ ಶಾಲೆಯಲ್ಲಿ ಇಡೀ ದಿನ, ಆ ಬಾಗಿಲು ತೆಗೆದನೋ ಇಲ್ಲವೋ ಎಂದು ಯೋಚಿಸುತ್ತಿದ್ದೆವು. ಅದು ಅವರಿಗೆ ಆ ಗಳಿಗೆಯಲ್ಲಿ ತೋಚಿದ್ದಲ್ಲ. ಹಗಲು ಹೊತ್ತು, ನಾವು ಶಾಲೆಗೆ ಹೋದಾಗ, ಕನ್ನಡಕ ಹಾಕಿಕೊಂಡು ಕೂತು, ಯಾವ ಜಾಗದಲ್ಲಿ ನಿಲ್ಲಿಸಿದರೆ ಈ ಮಕ್ಕಳ ರಾತ್ರಿ ತುಂಬುತ್ತದೆ ಎಂದು ಅಳೆದು ಗೆರೆ ಎಳೆದಿದ್ದರು. ಐವತ್ತು ವರ್ಷದ ಮೇಲೆ ಆ ಗೆರೆಯ ಮೇಲೆ ಬೆರಳಿಟ್ಟುಕೊಂಡು ನಾನು ಬಹಳ ಹೊತ್ತು ಕೂತಿದ್ದೆ.

ಲಿಯರನ ಕತೆಯ ಕೊನೆಯ ಪುಟದಲ್ಲಿ ಬೇರೆ ಬರಹವಿತ್ತು. ಕಾರ್ಡೀಲಿಯಾ ಸೆರೆಮನೆಯಲ್ಲಿ ಪ್ರಾಣ ಬಿಡುವ ಸಾಲುಗಳ ಸುತ್ತ ಒಂದು ಸುತ್ತು, ಹೊರಗೆ ‘ಮಕ್ಕಳಿಗೆ ಬೇಡ’. ಹೌದು, ತಾತನ ಕತೆಯಲ್ಲಿ ಕಿರಿಯವಳು ಸಾಯುತ್ತಿರಲಿಲ್ಲ. ಸೈನ್ಯ ಕಟ್ಟಿಕೊಂಡು ಬಂದು, ಗೆದ್ದು, ಅಪ್ಪನ ತಲೆಗೆ ಎಣ್ಣೆ ಒತ್ತಿ, ಬಿಸಿನೀರು ಹಾಕಿ, ಮೊಸರನ್ನ ಕಲಸಿ ತುತ್ತು ಕೊಡುತ್ತಿದ್ದಳು. ಅಜ್ಜಿಗೆ ಅಲ್ಲಿ ಸಮಾಧಾನ. ಕಾಲೇಜಿಗೆ ಹೋಗಿ ಮೂಲ ಓದಿದ ದಿನ ನನಗೆ ಮೋಸವಾದಂತಾಗಿತ್ತು. ತಾತ ಆಗ ಹಾಸಿಗೆ ಹಿಡಿದಿದ್ದರು, ಕೇಳಲು ಮನಸ್ಸು ಬರಲಿಲ್ಲ. ಬಹಳ ಕಾಲದ ಮೇಲೆ ಓದಿ ತಿಳಿದೆ: ಇಂಗ್ಲೆಂಡಿನಲ್ಲೇ 1681ರಲ್ಲಿ ನೇಹಮ್ ಟೇಟ್ ಎಂಬ ಕವಿ ಆ ನಾಟಕದ ಕೊನೆಯನ್ನು ತಿದ್ದಿ ಮಗಳನ್ನು ಬದುಕಿಸಿದ್ದ. ಸುಮಾರು ನೂರೈವತ್ತು ವರ್ಷ ಅಲ್ಲಿನ ಜನ ರಂಗದ ಮೇಲೆ ನೋಡಿದ್ದು ಅವಳು ಬದುಕುವ ಲಿಯರನ್ನೇ. ಡಾ. ಜಾನ್ಸನ್ ಅಂಥಾ ದೊಡ್ಡ ವಿದ್ವಾಂಸ ಅವಳ ಸಾವನ್ನು ಓದಿ ತಡೆಯಲಾರದೆ, ಎಷ್ಟೋ ವರ್ಷ ಆ ಕಡೆಯ ದೃಶ್ಯಗಳಿಗೆ ಮರಳಿರಲಿಲ್ಲವಂತೆ. ಇದನ್ನೆಲ್ಲ ತಾತನಿಗೆ ಹೇಳಬೇಕಿತ್ತು. ಅವರಿಗೆ ಗೊತ್ತಿದ್ದಿರಲೂಬಹುದು.

ನನ್ನ ಮೊಮ್ಮಗಳಿಗೆ ಈಗ ಹನ್ನೊಂದು ವರ್ಷ. ಅವಳ ಶಾಲೆಯಲ್ಲಿ ಶೇಕ್ಸ್‌ಪಿಯರ್ ಇದೆ, ಅವಳ ಉಚ್ಚಾರಣೆ ನನ್ನದಕ್ಕಿಂತ ಚೆನ್ನಾಗಿದೆ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಡಿದ ನಾಟಕವನ್ನು ಟ್ಯಾಬಿನಲ್ಲಿ ನೋಡಿದ್ದಾಳೆ. ಆ ವಯಸ್ಸಿನಲ್ಲಿ ನನಗೆ ಅದರ ಕಾಲುಪಾಲೂ ಗೊತ್ತಿರಲಿಲ್ಲ; ಅವಳ ಬಗ್ಗೆ ನನಗೆ ಹೆಮ್ಮೆಯಿದೆ. ರಾಮವರ್ಮ, ಪ್ರತಾಪರುದ್ರ, ಶೂರಸೇನ ಎಂದರೆ ಮಾತ್ರ ಅವಳು ಯಾರು ಅಜ್ಜಿ ಎನ್ನುತ್ತಾಳೆ. ರುದ್ರಾಂಬೆಯ ಬಗ್ಗೆ ಒಮ್ಮೆ ಹೇಳಲು ಹೋದೆ, ಟ್ಯೂಷನ್ನಿಗೆ ಹೊತ್ತಾಯಿತು.

ಈ ಮೇ ತಿಂಗಳಲ್ಲಿ ಒಂದು ಸಂಜೆ ಮೋಡ ಕಟ್ಟಿತು. ಅವಳು ಸೋಫಾದ ಮೇಲೆ ನನ್ನ ಪಕ್ಕದಲ್ಲೇ ಇದ್ದಳು. ನಾನು ತಾತನ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಮಾಗಡಿ ಕಡೆ ಒಬ್ಬ ದೊರೆ ಇದ್ದ, ಮೂವರು ಹೆಣ್ಣುಮಕ್ಕಳು ಎಂದು ಶುರು ಮಾಡಿದೆ. “ಕಿಂಗ್ ಲಿಯರ್ ತಾನೇ ಅಜ್ಜಿ?” ಅಂದಳು. ಹೌದು ಅಂದೆ. ಸ್ವಲ್ಪ ದೂರ ಕೇಳಿದಳು. ಚೆನ್ನಾಗಿಯೇ ಕೇಳಿದಳು. ಮೂರನೆಯವಳು ಏನೂ ಇಲ್ಲ ಅಂದ ಕಡೆ ನಾನು ತಡೆದೆ, ಬಾಗಿಲ ಸಂದಿಯಿಂದ ಯಾರೋ ಮಾತಾಡಬೇಕಿತ್ತಲ್ಲ ಎಂದು. ಆ ಮೌನದಲ್ಲಿ ಅವಳು ಫೋನು ತೆಗೆದು ಎರಡು ಸಲ ಬೆರಳಾಡಿಸಿದಳು. “ಅಯ್ಯೋ, ಕೊನೇಲಿ ಅವಳು ಸತ್ತೋಗ್ತಾಳೆ ಅಜ್ಜಿ. ಇಲ್ಲಿದೆ ನೋಡು.” ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ನನ್ನ ಬೆರಳು ತಾತ ಪೆನ್ಸಿಲಿನಲ್ಲಿ ಸುತ್ತು ಹಾಕಿದ ಸಾಲುಗಳ ಮೇಲೇ ಇತ್ತು.

ಅಷ್ಟರಲ್ಲಿ ಗುಡುಗಿತು, ಕರೆಂಟು ಹೋಯಿತು. ಇಡೀ ಬೀದಿ ಕತ್ತಲು. ಅವಳು ಬೆಚ್ಚಿ ನನ್ನ ತೋಳಿಗೆ ಒತ್ತಿ ಕೂತಳು. ಎಷ್ಟು ವರ್ಷವಾಗಿತ್ತು ಅಂಥಾ ಕತ್ತಲಲ್ಲಿ ಒಂದು ಮಗು ನನಗೆ ಹಾಗೆ ಒತ್ತಿಕೊಂಡು! ಪಡುವಣದ ಕಿಟಕಿಯಲ್ಲಿ ಮಳೆ ಹೊಡೆಯುತ್ತಿತ್ತು. ಈಗ ಹೇಳಬಹುದು ಎನ್ನಿಸಿತು. ಇಲ್ಲಮ್ಮ, ಅದು ಅವರ ಕಡೆಯ ಕತೆ, ನಮ್ಮ ತಾತ ಹೇಳುತ್ತಿದ್ದದ್ದೇ ಬೇರೆ ಎಂದು. ದನಿಯನ್ನು ಇಳಿಸಿಕೊಂಡೆ. ಬಾಯಿ ತೆರೆದೆ.

ಕೆಳಗೆ, ಜಗಲಿ ಇದ್ದ ಜಾಗದಲ್ಲಿ, ಜನರೇಟರು ಗುಡುಗುಟ್ಟಿ ಹತ್ತಿಕೊಂಡಿತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಪೂರ್ತಿ ಬೆಳಗಿತು. “ಹಾ, ಬಂತು” ಎಂದು ಅವಳು ಎದ್ದು ಒಳಗೆ ಹೋದಳು.